ಮಳೆಯ ದಿನವೇ ಕೈಕೊಡುವ ಫೋರ್ ವೀಲ್: ಪಿಕಪ್ ಗಾಡಿಯ ವಿದ್ಯುತ್ ದೋಷ ಹುಡುಕುವ ಬಗೆ



ನಮ್ಮ ಕಂಬದೂರು, ಕಲ್ಯಾಣದುರ್ಗ ಸೀಮೆಯಲ್ಲಿ ಮಳೆ ಎಷ್ಟು ಕಡಿಮೆ ಎಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್ ಮಾತ್ರ. ಅದೂ ಹದವಾಗಿ ಬೀಳುವುದಿಲ್ಲ. ವಾರಗಟ್ಟಲೆ ಮುಗಿಲು ನೋಡಿಸಿ, ಒಂದೆರಡು ದಿನದಲ್ಲಿ ಸುರಿದು ಹೋಗುತ್ತದೆ. ಆದ್ದರಿಂದ ಪಿಕಪ್ ಗಾಡಿಗೆ ನಾಲ್ಕು ಚಕ್ರದ ಎಳೆತ, ಅಂದರೆ ಫೋರ್ ವೀಲ್ ಡ್ರೈವ್, ಬೇಕಾಗುವುದು ವರ್ಷದಲ್ಲಿ ಬೆರಳೆಣಿಕೆಯ ದಿನಗಳಲ್ಲಿ. ಕೆಸರಾದ ಹೊಲದಿಂದ ಟೊಮೇಟೊ ಕ್ರೇಟುಗಳನ್ನು ಹೊರತರುವಾಗ, ಕಡಲೆಕಾಯಿ ಮೂಟೆಗಳೊಡನೆ ಪೆನ್ನಾ ಬದಿಯ ಮರಳು ದಾರಿ ಹತ್ತುವಾಗ ಅದು ಬೇಕು. ಉಳಿದ ದಿನಗಳಲ್ಲಿ ಆ ಸ್ವಿಚ್ಚನ್ನು ಯಾರೂ ಮುಟ್ಟುವುದಿಲ್ಲ.

ತೊಂದರೆ ಹುಟ್ಟುವುದೂ ಇಲ್ಲಿಂದಲೇ. ಬಳಸದೆ ಬಿಟ್ಟ ಮೋಟಾರು ಬಿಗಿದುಕೊಳ್ಳುತ್ತದೆ. ಮುಟ್ಟದ ಕಪ್ಲರುಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಮಳೆ ಬಂದ ದಿನ ಸ್ವಿಚ್ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪ ಮಿನುಗುತ್ತದೆಯೇ ಹೊರತು ಮುಂದಿನ ಚಕ್ರ ಎಳೆಯುವುದಿಲ್ಲ. ಮಾಲು ಹೊಲದಲ್ಲೇ ಉಳಿಯುತ್ತದೆ. ಆತುರದಲ್ಲಿ ಮೆಕ್ಯಾನಿಕ್ ಹೇಳಿದಂತೆ ಮೊದಲು ಮೋಟಾರು, ಆಮೇಲೆ ಕಂಟ್ರೋಲ್ ಯೂನಿಟ್ ಎಂದು ಬದಲಿಸುತ್ತ ಹೋದರೆ ಸಾವಿರಾರು ರೂಪಾಯಿ ಕರಗುತ್ತದೆ. ಎಷ್ಟೋ ಸಲ ಕೊನೆಗೆ ಸಿಗುವ ದೋಷ ಒಂದು ಸುಟ್ಟ ಫ್ಯೂಸು ಅಥವಾ ಸಡಿಲವಾದ ಅರ್ತಿಂಗ್ ವೈರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ.

ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಬರುವ ಆ ಹೆಂಗಸನ್ನು ನೆನೆಯಿರಿ. ನಾಣ್ಯ ಕಳೆದುಕೊಂಡ ಆಕೆ ಮೊದಲು ದೀಪ ಹಚ್ಚಿದಳು, ಮನೆ ಗುಡಿಸಿದಳು, ಸಿಗುವವರೆಗೂ ಹುಡುಕಿದಳು. ಗಾಡಿಯ ವಿದ್ಯುತ್ ದೋಷ ಹುಡುಕುವುದಕ್ಕೂ ಇದೇ ಕ್ರಮ ಬೇಕು. ಖರ್ಚಿಲ್ಲದ್ದನ್ನು ಮೊದಲು ನೋಡಿ, ದುಬಾರಿಯದ್ದನ್ನು ಕೊನೆಗೆ ಮುಟ್ಟಿ.

ವ್ಯವಸ್ಥೆ ಹೇಗಿರುತ್ತದೆ?

ನಮ್ಮ ಕಡೆ ಓಡಾಡುವ ಪಿಕಪ್‌ಗಳಲ್ಲಿ ಹೆಚ್ಚಿನವು ಹಿಂದಿನ ಎರಡು ಚಕ್ರದಿಂದ ಎಳೆಯುವಂಥವು. ಫೋರ್ ವೀಲ್ ಇರುವ ಗಾಡಿಗಳಲ್ಲಿ ಎರಡು ಬಗೆ. ಒಂದು, ಗೇರಿನ ಪಕ್ಕದಲ್ಲಿ ಇನ್ನೊಂದು ಲಿವರ್ ಇರುವಂಥದ್ದು. ಅದರಲ್ಲಿ ಕೆಲಸವೆಲ್ಲ ಕೈಯ ಬಲದಿಂದಲೇ ನಡೆಯುವುದರಿಂದ ವಿದ್ಯುತ್ ಭಾಗ ಕಡಿಮೆ. ಎರಡನೆಯದು, ಡ್ಯಾಶ್‌ಬೋರ್ಡಿನಲ್ಲಿ ತಿರುಗಿಸುವ ಸ್ವಿಚ್ ಇರುವಂಥದ್ದು. ಟಾಟಾ ಕ್ಸೆನಾನ್, ಮಹೀಂದ್ರಾ ಸ್ಕಾರ್ಪಿಯೋ ಗೆಟ್‌ಅವೇ ಗಾಡಿಗಳ ಫೋರ್ ವೀಲ್ ಮಾದರಿಗಳು ಈ ಬಗೆಯವು. ನಮ್ಮ ಆಂಧ್ರದ ಶ್ರೀಸಿಟಿಯ ಕಾರ್ಖಾನೆಯಿಂದ 2016ರಿಂದ ಹೊರಬಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಕೂಡ ಇದೇ ಬಗೆಯದು. ಇಂಥವನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವವರು ಈ ಲೇಖನವನ್ನು ಇನ್ನಷ್ಟು ಗಮನವಿಟ್ಟು ಓದಬೇಕು.

ಸ್ವಿಚ್ಚಿನ ಮೇಲೆ ಮೂರು ಗುರುತು ಇರುತ್ತವೆ. 2ಎಚ್ ಎಂದರೆ ಹಿಂದಿನ ಎರಡು ಚಕ್ರ, 4ಎಚ್ ಎಂದರೆ ನಾಲ್ಕೂ ಚಕ್ರ, 4ಎಲ್ ಎಂದರೆ ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಎಳೆತ. ನೀವು ಸ್ವಿಚ್ ತಿರುಗಿಸಿದಾಗ ಸುದ್ದಿ ಕಂಟ್ರೋಲ್ ಯೂನಿಟ್ಟಿಗೆ ಹೋಗುತ್ತದೆ. ಅದು ಗೇರ್‌ಬಾಕ್ಸಿನ ಹಿಂದಿರುವ ಟ್ರಾನ್ಸ್‌ಫರ್ ಕೇಸಿನ ಮೇಲಿನ ಸಣ್ಣ ಮೋಟಾರಿಗೆ ಕರೆಂಟು ಕೊಡುತ್ತದೆ. ಮೋಟಾರು ತಿರುಗಿ ಒಳಗಿನ ಗೇರನ್ನು ಸರಿಸುತ್ತದೆ. ಹಲವು ಗಾಡಿಗಳಲ್ಲಿ ಮುಂದಿನ ಹೌಸಿಂಗಿನ ಬಳಿ ಇನ್ನೊಂದು ಜೋಡಣೆ ಇರುತ್ತದೆ. ಅದನ್ನು ನಡೆಸುವುದು ಮೋಟಾರು ಅಥವಾ ಗಾಳಿ ಎಳೆಯುವ ವ್ಯಾಕ್ಯೂಮ್ ಪೈಪು. ಕೆಲಸ ಮುಗಿದದ್ದನ್ನು ಸೆನ್ಸರುಗಳು ತಿಳಿಸಿದ ಮೇಲೆ ದೀಪ ಮಿನುಗುವುದನ್ನು ನಿಲ್ಲಿಸಿ ನೆಟ್ಟಗೆ ಉರಿಯುತ್ತದೆ.

ಹಾಗಾದರೆ ಮಿನುಗುವ ದೀಪದ ಅರ್ಥ "ಮೋಟಾರು ಕೆಟ್ಟಿದೆ" ಎಂದಲ್ಲ. "ಹೇಳಿದ ಕೆಲಸ ಇನ್ನೂ ಪೂರ್ತಿಯಾಗಿಲ್ಲ" ಎಂದಷ್ಟೇ.

ದೋಷವಲ್ಲದ ದೋಷಗಳು

4ಎಲ್‌ಗೆ ಹಾಕಲು ಗಾಡಿ ಪೂರ್ತಿ ನಿಂತಿರಬೇಕು. ಗೇರು ನ್ಯೂಟ್ರಲ್‌ನಲ್ಲಿರಬೇಕು, ಕ್ಲಚ್ ಇರುವ ಗಾಡಿಯಲ್ಲಿ ಕ್ಲಚ್ಚನ್ನು ತಳದವರೆಗೆ ಒತ್ತಿರಬೇಕು. ಇದನ್ನು ಪಾಲಿಸದಿದ್ದರೆ ಯೂನಿಟ್ಟು ಬೇಕೆಂದೇ ಕೆಲಸ ನಿಲ್ಲಿಸುತ್ತದೆ. 4ಎಚ್‌ಗೆ ಓಡುವಾಗಲೂ ಹಾಕಬಹುದಾದ ಗಾಡಿಗಳಿವೆ. ಎಷ್ಟು ವೇಗದೊಳಗೆ ಎಂಬುದನ್ನು ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿ.

ಕೆಲವೊಮ್ಮೆ ಗೇರಿನ ಹಲ್ಲುಗಳು ಎದುರುಬದುರಾಗಿ ನಿಂತು ಕೂಡಿಕೊಳ್ಳುವುದಿಲ್ಲ. ಆಗ ಸ್ಟೇರಿಂಗ್ ನೇರವಾಗಿಟ್ಟು ನಾಲ್ಕಾರು ಅಡಿ ಮುಂದೆ ಹಿಂದೆ ಸರಿಸಿದರೆ ದೀಪ ಸರಿಹೋಗುತ್ತದೆ. 2ಎಚ್‌ಗೆ ಮರಳಿ ಬರದೆ ಹಟ ಹಿಡಿದಾಗಲೂ ಸ್ವಲ್ಪ ರಿವರ್ಸ್ ತೆಗೆದು ನೋಡಿ. ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡು ಓಡಿಸಿದರೆ, ಅಥವಾ ಮುಂದೊಂದು ಹಿಂದೊಂದು ಅಳತೆಯ ಟೈರು ಹಾಕಿದ್ದರೆ, ಒಳಗೆ ಬಿಗಿತ ಉಂಟಾಗಿ ಹೀಗಾಗುತ್ತದೆ. ಇದಕ್ಕೆ ಮೋಟಾರು ಬದಲಿಸಿ ಪ್ರಯೋಜನವಿಲ್ಲ.

ಹುಡುಕುವ ಕ್ರಮ

ಇದಕ್ಕೆ ಬೇಕಾದ ಮುಖ್ಯ ಸಾಧನ ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್. ಬೋರ್‌ವೆಲ್ ಸ್ಟಾರ್ಟರಿನ ಕೆಲಸ ಬಲ್ಲ ಮನೆಯ ಹುಡುಗರಿಗೆ ಇದು ಹೊಸದೇನಲ್ಲ.

1. ಬ್ಯಾಟರಿ. ರಾತ್ರಿ ನಿಲ್ಲಿಸಿದ ಗಾಡಿಯಲ್ಲಿ ಬೆಳಿಗ್ಗೆ ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಇದ್ದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ ಎಂದೇ ತಿಳಿಯಿರಿ. ಇಂಜಿನ್ ಓಡುವಾಗ ಸುಮಾರು 13.8ರಿಂದ 14.5 ಇರಬೇಕು. ವೋಲ್ಟೇಜ್ ಇಳಿದರೆ ಹಾರ್ನು, ದೀಪ ನಡೆದರೂ ಕಂಟ್ರೋಲ್ ಯೂನಿಟ್ಟು ಗಲಿಬಿಲಿಗೊಳ್ಳಬಹುದು.

2. ಅರ್ತಿಂಗ್. ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೂ ಚಾಸಿಗೂ ಹೋಗುವ ವೈರುಗಳ ಬೋಲ್ಟು ಬಿಚ್ಚಿ, ತುಕ್ಕು ಮತ್ತು ಮಣ್ಣನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿ ಮಾಡಿ. ಹೆಡ್‌ಲೈಟ್ ಉರಿಸಿಕೊಂಡು ಬ್ಯಾಟರಿ ನೆಗೆಟಿವ್‌ಗೂ ಬಾಡಿಯ ಬರಿಗಬ್ಬಿಣಕ್ಕೂ ಮೀಟರ್ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತಿಂಗ್ ಸರಿಯಿಲ್ಲ.

3. ಫ್ಯೂಸು ಮತ್ತು ರಿಲೇ. ಫ್ಯೂಸ್ ಡಬ್ಬಿಯ ಮುಚ್ಚಳದ ಮೇಲೆ ಯಾವುದು ಯಾವುದಕ್ಕೆ ಎಂದು ಬರೆದಿರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ. ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಸಿಗರೇಟಿನ ಬೆಳ್ಳಿ ಕಾಗದ, ತಾಮ್ರದ ಎಳೆ ಖಂಡಿತ ಬೇಡ. ಗಾಡಿಗೇ ಬೆಂಕಿ ಹತ್ತಬಹುದು. ಹೊಸ ಫ್ಯೂಸೂ ಸುಟ್ಟರೆ ಎಲ್ಲೋ ವೈರು ಬಾಡಿಗೆ ತಗಲುತ್ತಿದೆ ಎಂದರ್ಥ. ರಿಲೇ ಬಗ್ಗೆ ಸಂಶಯವಿದ್ದರೆ ಅದೇ ನಂಬರಿನ ಬೇರೆ ರಿಲೇಯನ್ನು ಅದಲುಬದಲು ಮಾಡಿ ನೋಡಿ.

4. ಕಿವಿ ಕೊಟ್ಟು ಕೇಳಿ. ಇಂಜಿನ್ ಆರಿಸಿ, ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಚಕ್ರಗಳಿಗೆ ಕಲ್ಲು ಕೊಟ್ಟು, ಕೀ ಆನ್ ಮಾಡಿ. ಒಬ್ಬರು ಸ್ವಿಚ್ ತಿರುಗಿಸಲಿ, ಇನ್ನೊಬ್ಬರು ಹೊರಗೆ ಪಕ್ಕದಲ್ಲಿ ನಿಂತು ಕೇಳಲಿ. ಮೋಟಾರು ಗುಯ್ ಎಂದರೆ ಕರೆಂಟು ಅಲ್ಲಿಯವರೆಗೆ ತಲುಪುತ್ತಿದೆ. ದೋಷ ಸೆನ್ಸರಿನಲ್ಲಿ, ಗೇರಿನಲ್ಲಿ ಅಥವಾ ಮುಂದಿನ ಹೌಸಿಂಗಿನ ಜೋಡಣೆಯಲ್ಲಿರಬಹುದು. ವ್ಯಾಕ್ಯೂಮ್ ಪೈಪು ಬಿಸಿಲಿಗೆ ಸೀಳಿದೆಯೇ ನೋಡಿ.

5. ಸದ್ದೇ ಇಲ್ಲದಿದ್ದರೆ, ಮೋಟಾರಿನ ಕಪ್ಲರ್ ಬಿಚ್ಚಿ ನೋಡಿ. ನೀರು, ಕೆಂಮಣ್ಣು, ಕಿಲುಬು, ಬಾಗಿದ ಪಿನ್ನು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಹಾಕಿ. ಆಗಲೂ ಆಗದಿದ್ದರೆ, ಸ್ವಿಚ್ ತಿರುಗಿಸುವ ಕ್ಷಣದಲ್ಲಿ ಮೋಟಾರಿನ ವೈರುಗಳಿಗೆ 12 ವೋಲ್ಟ್ ಬರುತ್ತದೆಯೇ ಎಂದು ಎಲೆಕ್ಟ್ರೀಷಿಯನ್ ಕೈಲಿ ಅಳೆಸಿ. ಬಂದೂ ತಿರುಗದಿದ್ದರೆ ಮೋಟಾರು ಬಿಗಿದಿದೆ. ಬಾರದಿದ್ದರೆ ಮೋಟಾರನ್ನು ದೂರಬೇಡಿ. ಸ್ವಿಚ್, ವೈರು, ಯೂನಿಟ್ಟು ನೋಡಿಸಿ.

6. 4ಎಚ್‌ಗೆ ಹೋಗಿ 4ಎಲ್‌ಗೆ ಮಾತ್ರ ಹೋಗದಿದ್ದರೆ, ನ್ಯೂಟ್ರಲ್ ಅಥವಾ ಕ್ಲಚ್ ಪೆಡಲಿನ ಸಣ್ಣ ಸ್ವಿಚ್ಚಿನ ಮೇಲೆ ಮೊದಲ ಸಂಶಯ ಇರಲಿ.

ಇಷ್ಟಾದ ಮೇಲೆ ವರ್ಕ್‌ಶಾಪಿಗೆ ಹೋದರೆ ಸ್ಕ್ಯಾನರ್ ಹಾಕಿಸಿ, ಬಂದ ಕೋಡನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಕೋಡು ಹೇಳುವುದು ಯಾವ ದಾರಿಯಲ್ಲಿ ತೊಂದರೆ ಇದೆ ಎಂದೇ ಹೊರತು, ಇದೇ ಭಾಗ ಬದಲಿಸು ಎಂದಲ್ಲ. ನೀವು ಏನೇನು ನೋಡಿದ್ದೀರಿ ಎಂದು ಹೇಳಿದರೆ ಒಳ್ಳೆಯ ಮೆಕ್ಯಾನಿಕ್ಕಿಗೆ ಅರ್ಧ ಕೆಲಸ ಉಳಿಯುತ್ತದೆ. ಕಂಟ್ರೋಲ್ ಯೂನಿಟ್ಟಿನ ಮತ್ತು ಸೆನ್ಸರಿನ ವೈರುಗಳಿಗೆ ಬಲ್ಬ್ ಕಟ್ಟಿದ ಟೆಸ್ಟರ್ ಚುಚ್ಚಲು ಬಿಡಬೇಡಿ. ಬಲ್ಬು ಎಳೆಯುವ ಕರೆಂಟಿಗೆ ಒಳಗಿನ ಸೂಕ್ಷ್ಮ ಭಾಗ ಸುಡಬಹುದು.

ನಾವೇ ತಂದುಕೊಳ್ಳುವ ದೋಷಗಳು

ಹೆಚ್ಚು ಮೂಟೆ ಹಿಡಿಯಲೆಂದು ಪಿಕಪ್‌ಗೆ ಕಬ್ಬಿಣದ ಕಟಕಟೆ ವೆಲ್ಡ್ ಮಾಡಿಸುವುದು ರೂಢಿ. ವೆಲ್ಡಿಂಗ್ ಮೊದಲು ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿಸಿ. ಇಲ್ಲದಿದ್ದರೆ ಆ ಕರೆಂಟು ಯೂನಿಟ್ಟಿಗೂ ಹರಿದು ಅದನ್ನು ಕೊಲ್ಲಬಹುದು. ಹಾಡಿನ ಪೆಟ್ಟಿಗೆಗೆ, ಹೆಚ್ಚುವರಿ ದೀಪಕ್ಕೆ ಸಿಕ್ಕ ವೈರನ್ನು ಸುಲಿದು ಜೋಡಿಸಿದ್ದರೆ ಆ ಜಾಗಗಳನ್ನೂ ನೋಡಿ. ಗಾಡಿ ತೊಳೆಯುವಾಗ ಪ್ರೆಷರ್ ಪಂಪನ್ನು ಕಪ್ಲರುಗಳಿಗೆ ನೇರ ಹಿಡಿಯಬೇಡಿ.

ಇಲಿಗಳದ್ದು ಇನ್ನೊಂದು ಕಥೆ. ಕಡಲೆಕಾಯಿ ಬಳ್ಳಿಯ ಬಣವೆಯ ಪಕ್ಕ, ಮೂಟೆ ಇಟ್ಟ ಕೊಟ್ಟಿಗೆಯ ಪಕ್ಕ ಗಾಡಿ ನಿಲ್ಲಿಸಿದರೆ ಇಲಿ ಇಂಜಿನ್ ಒಳಗೆ ಗೂಡು ಕಟ್ಟಿ ವೈರು ಕಡಿಯುತ್ತದೆ. ಸಾಧ್ಯವಾದಷ್ಟು ದೂರ ನಿಲ್ಲಿಸಿ, ವಾರಕ್ಕೊಮ್ಮೆ ಬಾನೆಟ್ ತೆರೆದು ನೋಡಿ. ಕಡಿದ ವೈರನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇಲಿಯ ಮೂತ್ರದಿಂದ ಇಲಿ ಜ್ವರ ಬರುತ್ತದೆ. ಕೈಯ ಸಣ್ಣ ಗಾಯದಿಂದಲೂ ಅದರ ಸೋಂಕು ಒಳಹೋಗುತ್ತದೆ. ಗ್ಲೌಸ್ ಹಾಕಿ, ಕೆಲಸವಾದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಆಮೇಲೆ ಜ್ವರ, ತಲೆನೋವು, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಆಸ್ಪತ್ರೆಗೆ ಹೋಗಿ, ಇಲಿಯ ವಿಷಯವನ್ನೂ ವೈದ್ಯರಿಗೆ ಹೇಳಿ.

ಮೈ ಜೋಪಾನ

ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಅನಿಲ ಕಿಡಿಗೆ ಸಿಡಿಯುತ್ತದೆ. ಬೀಡಿ, ಬೆಂಕಿಕಡ್ಡಿ ದೂರವಿರಲಿ. ವೈರು ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಉಂಗುರ, ಕಡಗ ತೆಗೆದಿಡಿ. ಕೊರಳಿನ ಶಿಲುಬೆಯ ಸರವನ್ನು ಅಂಗಿಯೊಳಗೆ ಸೇರಿಸಿಕೊಳ್ಳಿ. ಲೋಹ ಎರಡು ಟರ್ಮಿನಲ್ಲಿಗೂ ತಗಲಿದರೆ ಕ್ಷಣದಲ್ಲಿ ಕಾದು ಚರ್ಮ ಸುಡುತ್ತದೆ. ಆಸಿಡ್ ಕಣ್ಣಿಗೆ ಸಿಡಿದರೆ ಕೂಡಲೇ ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಬರೀ ಜಾಕಿಯ ಮೇಲೆ, ಇಟ್ಟಿಗೆ ಕಲ್ಲುಗಳ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು.

ತಿಂಗಳಿಗೊಮ್ಮೆಯ ಅಭ್ಯಾಸ

ದೋಷ ಬಾರದಂತೆ ನೋಡಿಕೊಳ್ಳಲು ಸುಲಭದ ದಾರಿಯಿದೆ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ 4ಎಚ್‌ಗೆ ಹಾಕಿ ಒಂದೆರಡು ಕಿಲೋಮೀಟರ್ ನಿಧಾನವಾಗಿ ಓಡಿಸಿ. ಗಾಡಿ ನಿಲ್ಲಿಸಿ 4ಎಲ್‌ಗೂ ಹಾಕಿ ತೆಗೆಯಿರಿ. ಮೋಟಾರು ಬಿಗಿಯುವುದಿಲ್ಲ, ಒಳಗಿನ ಎಣ್ಣೆ ಹರಡುತ್ತದೆ, ದೋಷವಿದ್ದರೆ ಬಿಡುವಿನ ದಿನವೇ ತಿಳಿಯುತ್ತದೆ. ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಕಡಲೆಕಾಯಿ ಕೀಳುವ ಮುಂಚೆ ಇನ್ನೊಮ್ಮೆ ಮೇಲಿನ ಪಟ್ಟಿಯನ್ನು ಪೂರ್ತಿ ನೋಡಿಬಿಡಿ.

ಕೊನೆಗೊಂದು ಮಾತು. ಫೋರ್ ವೀಲ್ ಇದೆ ಎಂದು ಹರಿಯುವ ಹಳ್ಳಕ್ಕೆ ಗಾಡಿ ಇಳಿಸಬೇಡಿ. 2021ರ ನವೆಂಬರಿನ ಪ್ರವಾಹ ರಾಯಲಸೀಮೆಯ ಒಣ ವಂಕಗಳೂ ಏನು ಮಾಡಬಲ್ಲವೆಂದು ತೋರಿಸಿತು. ರಭಸದ ನೀರು ಎರಡು ಅಡಿ ಇದ್ದರೆ ಪಿಕಪ್ಪನ್ನೂ ತೇಲಿಸಿಕೊಂಡು ಹೋಗುತ್ತದೆ. ಚಕ್ರ ನೆಲ ಬಿಟ್ಟ ಮೇಲೆ ಎರಡು ಎಳೆದರೂ ನಾಲ್ಕು ಎಳೆದರೂ ಒಂದೇ. ನೀರು ಇಳಿಯುವವರೆಗೆ ಕಾಯಿರಿ.

ಜನರನ್ನು ನದಿ ದಾಟಿಸುತ್ತಿದ್ದರೆಂದು ಪರಂಪರೆ ಹೇಳುವ ಸಂತ ಕ್ರಿಸ್ಟೋಫರರು ವಾಹನ ನಡೆಸುವವರ ಪಾಲಕರು. ಅವರ ಹಬ್ಬ ಜುಲೈ 25. ಅಂದು ನಿಮ್ಮ ಗಾಡಿಗೆ ಗುರುಗಳಿಂದ ಆಶೀರ್ವಾದ ಬೇಡುವ ಮುಂಚೆ ಬಾನೆಟ್ ತೆರೆದು ಅರ್ತಿಂಗ್ ಬೋಲ್ಟು ಬಿಗಿ ಮಾಡಿರಿ. ದೇವರು ನಿಮ್ಮ ಹೊಲಕ್ಕೂ ದಾರಿಗೂ ಕಾವಲಿರಲಿ.