ನಾಯಿಯ ಹಲ್ಲು ಯಾರ ಕೈಗೆ ಕೊಡಬೇಕು?

ಎತ್ತಿನ ಹಲ್ಲು ನೋಡುವುದನ್ನು ಯರಗಟ್ಟಿ, ಸವದತ್ತಿ, ಬೈಲಹೊಂಗಲ ಸೀಮೆಯ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಸಂತೆಯಲ್ಲಿ ಕೆಳತುಟಿ ಮಡಚಿ, ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ಹೇಳಿಬಿಡುತ್ತಾರೆ. ಅದರ ಮೇಲೆಯೇ ದರ ಕುದುರುತ್ತದೆ. ಅದೇ ಮನೆಯ ಅಂಗಳದಲ್ಲಿ ಕಟ್ಟಿದ ನಾಯಿಯ ಬಾಯಿ ತೆರೆದು ನೋಡಿದವರು ಮಾತ್ರ ಕಡಿಮೆ. ಬೆಳೆದ ನಾಯಿಗೆ 42 ಹಲ್ಲು, ಬೆಕ್ಕಿಗೆ 30. ಬಾಯಿ ನಾರತೊಡಗಿದಾಗಲೂ ‘ನಾಯಿ ಬಾಯಿ ನಾರೋದ ಸಹಜ’ ಎಂದು ಬಿಟ್ಟುಬಿಡುತ್ತೇವೆ. ಸಹಜ ಅಲ್ಲ. ಅದು ಬಹುತೇಕ ಒಸಡಿನ ರೋಗದ ಮೊದಲ ಸುಳಿವು.

ಹಲ್ಲಿಗೆ ಅಂಟಿದ ಪಾಚಿ ಕೆಲವೇ ದಿನಗಳಲ್ಲಿ ಉಗುಳಿನ ಖನಿಜ ಸೇರಿ ಗಟ್ಟಿ ಕಿಟ್ಟವಾಗುತ್ತದೆ. ನಮಗೆ ಕಾಣುವುದು ಈ ಹಳದಿ ಕಿಟ್ಟ. ರೋಗ ಇರುವುದು ಒಸಡಿನ ಕೆಳಗೆ, ಬೇರಿನ ಸುತ್ತ. ವೈದ್ಯರ ಆಯ್ಕೆಯೂ ಇಲ್ಲಿಂದಲೇ ಶುರುವಾಗಬೇಕು: ಒಸಡಿನ ಕೆಳಗೆ ನೋಡುವ, ಅಲ್ಲಿ ಕೆಲಸ ಮಾಡುವ ವ್ಯವಸ್ಥೆ ಅವರ ಬಳಿ ಇದೆಯೇ?

ಇದು ಅರವಳಿಕೆ ಇಲ್ಲದೆ ಆಗದ ಕೆಲಸ. ‘ಇಂಜೆಕ್ಷನ್ ಬೇಡ, ಹಾಗೇ ಹಿಡಿದು ಕ್ಲೀನ್ ಮಾಡ್ತೀವಿ’ ಎನ್ನುವ ಗ್ರೂಮಿಂಗ್ ಅಂಗಡಿಗಳು ನಗರಗಳಲ್ಲಿವೆ. ಅಲ್ಲಿ ಹಲ್ಲು ಬೆಳ್ಳಗಾಗುತ್ತದೆ, ರೋಗ ಒಳಗೇ ಉಳಿಯುತ್ತದೆ. ಕಡಿಮೆ ದುಡ್ಡಿನ ಈ ಕೆಲಸ ನನ್ನ ಲೆಕ್ಕದಲ್ಲಿ ದುಬಾರಿ. ಸರಿಯಾಗಿ ಮಾಡುವವರು ಮೊದಲು ರಕ್ತ ಪರೀಕ್ಷೆ ಮಾಡಿಸುತ್ತಾರೆ. ಅರವಳಿಕೆ ಕೊಟ್ಟ ಮೇಲೆ ಶ್ವಾಸನಾಳಕ್ಕೆ ನಳಿಕೆ ಹಾಕುತ್ತಾರೆ, ಕಿಟ್ಟ ಬಿಡಿಸುವಾಗ ಚಿಮ್ಮುವ ಹೊಲಸು ನೀರು ಪುಪ್ಪುಸಕ್ಕೆ ಇಳಿಯಬಾರದಲ್ಲ. ಸಣ್ಣ ಗುರುತಿನ ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಒಸಡಿನ ಆಳ ಅಳೆಯುತ್ತಾರೆ. ನಾಯಿಯಲ್ಲಿ ಅದು ಮೂರು ಮಿಲಿಮೀಟರ್ ಮೀರಿದರೆ ಅನುಮಾನ. ಕೊನೆಗೆ ಪಾಲಿಶ್. ಅದನ್ನು ಬಿಟ್ಟರೆ ಒರಟಾದ ಹಲ್ಲಿಗೆ ಪಾಚಿ ಇನ್ನೂ ಬೇಗ ಹಿಡಿಯುತ್ತದೆ.

ಬೇರು ನೋಡಲು ಹಲ್ಲಿನ ಎಕ್ಸ್‌ರೇಯೂ ಬೇಕು. ಏಕೆ ಎಂದು ಕೇಳುವವರು ಕಣ್ಣಿನ ಕೆಳಗಿನ ಬಾವನ್ನು ನೆನೆಯಬೇಕು. ನಾಯಿಯ ಮೇಲ್ದವಡೆಯಲ್ಲಿ ಮೂಳೆ ಕಡಿಯುವ ದೊಡ್ಡ ಹಲ್ಲೊಂದಿದೆ. ಅದಕ್ಕೆ ಮೂರು ಬೇರು, ತುದಿಗಳು ಕಣ್ಣಿಗೆ ಹತ್ತಿರ. ಗಟ್ಟಿ ಎಲುಬು ಕಡಿದು ಅದು ಸೀಳಿದರೆ ಬೇರಿನಲ್ಲಿ ಕೀವಾಗಿ, ಕಣ್ಣಿನ ಕೆಳಗೆ ಗಂಟು ಏಳುತ್ತದೆ. ಯಾರೋ ಹೊಡೆದಿರಬೇಕು, ಏನೋ ಕಚ್ಚಿರಬೇಕು ಎಂದು ಮುಲಾಮು ಹಚ್ಚುತ್ತೇವೆ. ಗುಳಿಗೆ ಕೊಟ್ಟರೆ ಇಳಿಯುತ್ತದೆ, ಬಿಟ್ಟರೆ ಮತ್ತೆ ಏಳುತ್ತದೆ. ಹಲ್ಲು ಕೀಳುವ ತನಕ, ಇಲ್ಲವೇ ಬೇರಿನ ಚಿಕಿತ್ಸೆ ಮಾಡುವ ತನಕ ಇದೇ ಕತೆ. ಇಂಥ ಬಾವಿಗೆ ಬರೀ ಗುಳಿಗೆ ಬರೆದು ಬಾಯಿಯನ್ನೇ ತೆರೆಯದವರಿದ್ದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಹಾಗಾದರೆ ಎಲ್ಲಿಗೆ ಹೋಗುವುದು? ಪ್ರಾಣಿಗಳ ಹಲ್ಲಿಗೆಂದೇ ಮೀಸಲಾದ ವೈದ್ಯರು ದೇಶದಲ್ಲೇ ಅಪರೂಪ. ನಮ್ಮಲ್ಲಿ ಈ ಕೆಲಸ ಮಾಡುವವರು ಹೆಚ್ಚಾಗಿ ಶಸ್ತ್ರಚಿಕಿತ್ಸೆಯಲ್ಲಿ ಎಂ.ವಿ.ಎಸ್‌ಸಿ. ಓದಿದವರು. ಮೊದಲು ಹತ್ತಿರದ ಸರಕಾರಿ ಪಶು ಆಸ್ಪತ್ರೆಯಲ್ಲಿ ತೋರಿಸಿ, ಯಾವ ಹಲ್ಲು, ಎಷ್ಟು ತುರ್ತು ಎಂದು ತಿಳಿದುಕೊಳ್ಳಿ. ಶುಚಿಗೊಳಿಸಲು ಅಥವಾ ಕೀಳಿಸಲು ನೇಸರಗಿ ದಾರಿಯಲ್ಲಿ ಬೆಳಗಾವಿಗೋ, ಸವದತ್ತಿ ದಾಟಿ ಧಾರವಾಡ–ಹುಬ್ಬಳ್ಳಿಗೋ ಹೋಗಬೇಕಾದೀತು. ಕಷ್ಟದ ಪ್ರಕರಣವಾದರೆ ಗದಗಿನ ಇಲ್ಲವೇ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು. ಗಾಡಿ ಹತ್ತುವ ಮೊದಲು ಫೋನ್ ಮಾಡಿ: ನಳಿಕೆ ಹಾಕುತ್ತೀರಾ, ಹಲ್ಲಿನ ಎಕ್ಸ್‌ರೇ ಇದೆಯೇ, ಅರವಳಿಕೆಯ ಹೊತ್ತಿಗೆ ಉಸಿರು-ನಾಡಿ ನೋಡಿಕೊಳ್ಳಲು ಬೇರೆಯವರು ಇರುತ್ತಾರೆಯೇ, ಕೀಳಬೇಕಾಗಿ ಬಂದರೆ ಎಷ್ಟಾಗುತ್ತದೆ? ನೇರವಾಗಿ ಉತ್ತರ ಕೊಡದವರ ಬಳಿ ಹೋಗಬೇಡಿ. ರಾಜ್ಯ ಪಶುವೈದ್ಯ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳುವುದರಲ್ಲೂ ಸಂಕೋಚ ಬೇಡ, 1984ರ ಕಾಯ್ದೆಯೇ ಅದನ್ನು ಬಯಸುತ್ತದೆ.

ಲೋಕಾಪುರ ದಾಟಿದರೆ ಮುಧೋಳ, ಹಾಗಾಗಿ ಈ ಕಡೆ ಮುಧೋಳ ತಳಿಯ ನಾಯಿ ಸಾಕುವವರು ಹಲವರು. ಮೈಯಲ್ಲಿ ಕೊಬ್ಬಿಲ್ಲದ ಇಂಥ ಬೇಟೆನಾಯಿಗಳು ಥಯೋಪೆಂಟಾಲ್‌ನಂಥ ಕೆಲವು ಅರವಳಿಕೆ ಔಷಧಿಗಳಿಂದ ತಡವಾಗಿ ಎಚ್ಚರಗೊಳ್ಳುತ್ತವೆ. ತಳಿಯ ಹೆಸರನ್ನು ಮೊದಲೇ ಹೇಳಿ. ಪೊಮೆರೇನಿಯನ್‌ನಂಥ ಸಣ್ಣ ನಾಯಿಗಳಲ್ಲಿ ಹಾಲುಹಲ್ಲು ಬೀಳದೆ ಹೊಸ ಕೋರೆಯ ಪಕ್ಕದಲ್ಲೇ ನಿಲ್ಲುವುದುಂಟು. ಏಳನೇ ತಿಂಗಳಿಗೂ ಜೋಡಿ ಕೋರೆ ಕಂಡರೆ ತೋರಿಸಿ.

ಒಂದು ಎಚ್ಚರಿಕೆ, ಇದು ಹಲ್ಲಿನದಲ್ಲ, ಜೀವದ ವಿಷಯ. ನಾಯಿಯ ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿದ್ದರೆ ‘ಎಲುಬು ಸಿಕ್ಕಿರಬೇಕು’ ಎಂದು ಬಾಯಿಗೆ ಕೈ ಹಾಕಬೇಡಿ. ರೇಬೀಸ್‌ ಕೂಡ ಹೀಗೇ ಕಾಣುತ್ತದೆ. ಆಕಳು-ಎಮ್ಮೆಗೂ ಇದೇ ಮಾತು. ದೂರ ಕಟ್ಟಿ ವೈದ್ಯರನ್ನು ಕರೆಯಿರಿ, ಸರಕಾರಿ ಪಶು ಸಹಾಯವಾಣಿ 1962. ಜೊಲ್ಲು ಗಾಯಕ್ಕೆ ತಾಗಿದ್ದರೆ ಹದಿನೈದು ನಿಮಿಷ ಸಾಬೂನು ಹಚ್ಚಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ.

ಶುಚಿಯಾದ ಹಲ್ಲನ್ನು ಮೃದು ಬ್ರಷ್‌ನಿಂದ ದಿನಾ ಉಜ್ಜಿ. ನಾವು ಬಳಸುವ ಪೇಸ್ಟ್ ಮಾತ್ರ ಬೇಡ: ನಾಯಿ ಅದನ್ನು ಉಗುಳುವುದಿಲ್ಲ, ನುಂಗುತ್ತದೆ. ಕೆಲವು ಪೇಸ್ಟ್‌ಗಳಲ್ಲಿರುವ ಕ್ಸೈಲಿಟಾಲ್ ನಾಯಿಗೆ ವಿಷ.