ಅನುಮತಿ ನಿವೇಶನಕ್ಕೆ, ಹೊರೆ ಬಡಾವಣೆಗೆ: ಹೊರವಲಯದ ನಿವಾಸಿಗಳು ಕೇಳುತ್ತಿರುವುದೇನು?

ಬೆಂಗಳೂರು: ನಗರದ ಪೂರ್ವ ಹೊರವಲಯದಲ್ಲಿ ಹೊಸ ವಸತಿ ಸಮುಚ್ಚಯವೋ ವಾಣಿಜ್ಯ ಸಂಕೀರ್ಣವೋ ತಲೆ ಎತ್ತಿದಾಗ ಸ್ಥಳೀಯ ನಿವಾಸಿಗಳಿಂದ ಆಕ್ಷೇಪ ಕೇಳಿಬರುವುದು ವಾಡಿಕೆಯಾಗಿದೆ. ಇದನ್ನು ಅಭಿವೃದ್ಧಿ ವಿರೋಧಿ ಧೋರಣೆ ಎಂದು ತಳ್ಳಿಹಾಕುವವರೂ ಇದ್ದಾರೆ. ವೈಟ್‌ಫೀಲ್ಡ್, ವರ್ತೂರು, ಬೆಳ್ಳಂದೂರು ಹಾಗೂ ಸರ್ಜಾಪುರ ರಸ್ತೆಯ ಆಸುಪಾಸಿನ ಜನರ ವಾದಗಳನ್ನು ಬಿಡಿಸಿ ನೋಡಿದರೆ ಚಿತ್ರಣ ಬೇರೆಯೇ ಇದೆ. ನೀರು, ಒಳಚರಂಡಿ, ರಸ್ತೆ ಮೊದಲು ಬರಲಿ, ಕಟ್ಟಡ ಆಮೇಲೆ ಏಳಲಿ ಎಂಬುದೇ ಅಲ್ಲಿನ ಮುಖ್ಯ ಬೇಡಿಕೆ.

ಈ ಬೇಡಿಕೆ ಏಕೆ ಮತ್ತೆ ಮತ್ತೆ ಕೇಳಿಬರುತ್ತಿದೆ? ಕಾನೂನಿನಲ್ಲಿ ನಿವಾಸಿಗಳ ಅಭಿಪ್ರಾಯಕ್ಕೆ ಎಲ್ಲಿ ಜಾಗವಿದೆ, ಎಲ್ಲಿ ಇಲ್ಲ? ಒಂದು ಅವಲೋಕನ ಇಲ್ಲಿದೆ.

ಗ್ರಾಮದಿಂದ ಉಪನಗರಕ್ಕೆ

ವೈಟ್‌ಫೀಲ್ಡ್‌ನ ಇತಿಹಾಸ ಆರಂಭವಾಗುವುದೇ ಒಂದು ಯೋಜಿತ ವಸಾಹತಿನಿಂದ. 1882ರಲ್ಲಿ ಮೈಸೂರು ಮಹಾರಾಜ ಚಾಮರಾಜೇಂದ್ರ ಒಡೆಯರ್ ಅವರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಭೂಮಿ ನೀಡಿದರು. ಸಂಘದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರು ಊರಿಗೆ ಬಂತು. ನೂರು ವರ್ಷಗಳಿಗೂ ಹೆಚ್ಚು ಕಾಲ ಅದು ಹಣ್ಣಿನ ತೋಟ, ಹೆಂಚಿನ ಮನೆಗಳ ಸಣ್ಣ ಊರಾಗಿಯೇ ಉಳಿದಿತ್ತು.

1990ರ ದಶಕದಲ್ಲಿ ಕರ್ನಾಟಕ ಸರ್ಕಾರ, ಟಾಟಾ ಸಮೂಹ ಹಾಗೂ ಸಿಂಗಪುರದ ಕಂಪೆನಿಗಳ ಸಹಭಾಗಿತ್ವದಲ್ಲಿ ಮಾಹಿತಿ ತಂತ್ರಜ್ಞಾನ ಪಾರ್ಕ್ (ಐಟಿಪಿಎಲ್) ನಿರ್ಮಾಣವಾದ ಬಳಿಕ ಪರಿಸ್ಥಿತಿ ಬದಲಾಯಿತು. ಉದ್ಯೋಗದ ಬೆನ್ನಿಗೆ ವಸತಿ, ವಸತಿಯ ಬೆನ್ನಿಗೆ ವ್ಯಾಪಾರ ಬಂತು. ಹೂಡಿ, ಕಾಡುಗೋಡಿ, ಪಟ್ಟಂದೂರು ಅಗ್ರಹಾರ, ಗುಂಜೂರು, ಬಳಗೆರೆ ಮೊದಲಾದ ಗ್ರಾಮಗಳ ಹೊಲಗಳು ನಿವೇಶನಗಳಾದವು. ಎತ್ತಿನ ಗಾಡಿಗೆಂದು ಇದ್ದ ದಾರಿಗಳೇ ಬಸ್ಸು, ಟ್ಯಾಂಕರ್‌ಗಳ ಮಾರ್ಗಗಳಾದವು.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಮಹದೇವಪುರ ನಗರಸಭೆಯೂ ಅದರೊಳಗೆ ಸೇರಿತು. ತೆರಿಗೆಯ ನೋಟಿಸು ಬೇಗ ಬಂತು, ಕಾವೇರಿ ನೀರು ಬರಲಿಲ್ಲ ಎಂಬುದು ಈ ಭಾಗದಲ್ಲಿ ಅಂದಿನಿಂದ ಕೇಳಿಬರುತ್ತಿರುವ ಮಾತು. 110 ಹಳ್ಳಿಗಳಿಗೆಂದು ರೂಪಿಸಲಾದ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅಂದರೆ ಸೇರ್ಪಡೆಗೂ ನೀರಿಗೂ ನಡುವೆ 17 ವರ್ಷಗಳ ಅಂತರವಿದೆ. ಈ ಅವಧಿಯಲ್ಲಿ ಕಟ್ಟಡ ನಿರ್ಮಾಣ ಮಾತ್ರ ನಿಲ್ಲಲಿಲ್ಲ.

ಒಂದು ಸರಳ ಲೆಕ್ಕ

ನಿವಾಸಿಗಳ ಆತಂಕ ಅರ್ಥವಾಗಬೇಕಾದರೆ ಒಂದು ಲೆಕ್ಕ ಸಾಕು. 500 ಮನೆಗಳ ಸಮುಚ್ಚಯವೊಂದನ್ನು ಊಹಿಸಿಕೊಳ್ಳಿ. ಮನೆಗೆ ನಾಲ್ವರಂತೆ 2,000 ಜನ. ತಲಾ ದಿನಕ್ಕೆ 135 ಲೀಟರ್ ಎಂಬ ಪ್ರಚಲಿತ ಮಾನದಂಡದಂತೆ 2.70 ಲಕ್ಷ ಲೀಟರ್ ನೀರು ಬೇಕು. ಕಾವೇರಿ ಸಂಪರ್ಕವಾಗಲೀ ಕೊಳವೆಬಾವಿಯಾಗಲೀ ಇಲ್ಲದಿದ್ದರೆ 12,000 ಲೀಟರ್ ಸಾಮರ್ಥ್ಯದ ಟ್ಯಾಂಕರ್‌ಗಳು ದಿನಕ್ಕೆ 22ರಿಂದ 23 ಬಾರಿ ಬರಬೇಕು. ಬಳಸಿದ ನೀರಿನಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂದು ಹಿಡಿದರೆ ಸುಮಾರು 2.16 ಲಕ್ಷ ಲೀಟರ್ ಎಲ್ಲಿಗಾದರೂ ಹರಿಯಲೇಬೇಕು.

ಒಂದು ಸಮುಚ್ಚಯಕ್ಕೆ ಇದು ನಿಭಾಯಿಸಬಹುದಾದ ಪ್ರಮಾಣ. ಅದೇ ರಸ್ತೆಯಲ್ಲಿ ಇಂಥ ಹತ್ತು ಸಮುಚ್ಚಯಗಳು ಬಂದರೆ ದಿನಕ್ಕೆ 225 ಟ್ಯಾಂಕರ್‌ಗಳು ಓಡಾಡಬೇಕಾಗುತ್ತದೆ. ಪ್ರತಿಯೊಂದು ಕಟ್ಟಡವೂ ನಿಯಮದಂತೆಯೇ ಅನುಮತಿ ಪಡೆದಿರಬಹುದು. ಆದರೆ ಹತ್ತೂ ಸೇರಿದಾಗ ಆಗುವ ಹೊರೆಯನ್ನು ಯಾವ ಕಡತವೂ ಲೆಕ್ಕ ಹಾಕಿರುವುದಿಲ್ಲ ಎಂಬುದೇ ನಿವಾಸಿಗಳ ವಾದದ ತಿರುಳು.

2024ರ ಬೇಸಿಗೆ ಈ ವಾದಕ್ಕೆ ಪುಷ್ಟಿ ನೀಡಿತು. ನಗರದ ಸುಮಾರು 14,000 ಸಾರ್ವಜನಿಕ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಸರ್ಕಾರವೇ ಆಗ ತಿಳಿಸಿತ್ತು. ಖಾಸಗಿ ಟ್ಯಾಂಕರ್ ನೀರಿನ ದರ ಏರುತ್ತಿದ್ದಂತೆ ಜಿಲ್ಲಾಡಳಿತ ಮಧ್ಯಪ್ರವೇಶಿಸಿ ದರ ನಿಗದಿ ಮಾಡಬೇಕಾಯಿತು. ಕಾವೇರಿ ಸಂಪರ್ಕವಿಲ್ಲದ ಹೊರವಲಯದ ಬಡಾವಣೆಗಳಿಗೆ ಬಿಸಿ ಹೆಚ್ಚು ತಟ್ಟಿತು. ಐದನೇ ಹಂತ ಬಂದ ಮೇಲೂ ಸಂಪರ್ಕ ಪಡೆಯಲು ಕಟ್ಟಬೇಕಾದ ಶುಲ್ಕ ದುಬಾರಿ ಎಂಬ ಆಕ್ಷೇಪ ಅನೇಕ ಸಮುಚ್ಚಯಗಳಿಂದ ಕೇಳಿಬಂತು.

ಒಂದೇ ಊರು, ಹಲವು ದನಿ

ನಿವಾಸಿಗಳು ಎಂದ ಮಾತ್ರಕ್ಕೆ ಎಲ್ಲರ ನಿಲುವು ಒಂದೇ ಅಲ್ಲ. ಮೂಲ ಗ್ರಾಮಸ್ಥರಿಗೆ ಅಭಿವೃದ್ಧಿ ಆದಾಯ ತಂದಿದೆ. ಜಮೀನು ಮಾರಿದವರು, ಮನೆ ಕಟ್ಟಿ ಬಾಡಿಗೆಗೆ ಕೊಟ್ಟವರು, ಪೇಯಿಂಗ್ ಗೆಸ್ಟ್ ವಸತಿ ನಡೆಸುವವರು, ಅಂಗಡಿ ಇಟ್ಟವರು ಹೊಸ ಕಟ್ಟಡಗಳನ್ನು ಸ್ವಾಗತಿಸುತ್ತಾರೆ. ಅದೇ ಗ್ರಾಮಗಳಲ್ಲಿ ಗೋಮಾಳ, ಕುಂಟೆ, ಸ್ಮಶಾನ, ಕೆರೆಗೆ ಹೋಗುವ ದಾರಿ ಕೈತಪ್ಪುತ್ತಿದೆ ಎಂಬ ಅಳಲೂ ಇದೆ. ಭೂಮಿ ಇದ್ದವರಿಗೆ ಬೆಲೆ ಸಿಕ್ಕಿತು, ಭೂಮಿ ಇಲ್ಲದೆ ಕೂಲಿ ಮಾಡುತ್ತಿದ್ದವರಿಗೆ ಕೆಲಸ ತಪ್ಪಿತು ಎಂಬ ಮಾತು ಹಳ್ಳಿಕಟ್ಟೆಗಳಲ್ಲಿ ಸಾಮಾನ್ಯ.

ಸಾಲ ಮಾಡಿ ಫ್ಲ್ಯಾಟ್ ಕೊಂಡವರ ಚಿಂತೆ ಬೇರೆ. ಆಸ್ತಿ ತೆರಿಗೆ, ನಿರ್ವಹಣಾ ವೆಚ್ಚ, ಟ್ಯಾಂಕರ್ ಬಿಲ್ಲು ಹೀಗೆ ಒಂದೇ ಸೌಲಭ್ಯಕ್ಕೆ ಮೂರು ಕಡೆ ಹಣ ತೆರುತ್ತಿದ್ದೇವೆ ಎಂಬುದು ಅವರ ದೂರು. ಪಕ್ಕದ ಖಾಲಿ ಜಾಗದಲ್ಲಿ ಮತ್ತೊಂದು ಗೋಪುರ ಎದ್ದರೆ ಅಂತರ್ಜಲ ಇನ್ನಷ್ಟು ಕುಸಿಯುತ್ತದೆ ಎಂಬ ಭಯವೂ ಇದೆ. ಹಿಂದೆ ಬಂದ ಗೋಪುರದ ಬಗ್ಗೆ ಇದೇ ಆಕ್ಷೇಪವನ್ನು ಮತ್ತೊಬ್ಬರು ಎತ್ತಿದ್ದರು ಎಂಬುದನ್ನು ಗ್ರಾಮಸ್ಥರು ನೆನಪಿಸುತ್ತಾರೆ.

ಬಾಡಿಗೆದಾರರು ಮತ್ತು ಕಾರ್ಮಿಕರ ದನಿ ಇಂಥ ಚರ್ಚೆಗಳಲ್ಲಿ ಕೇಳಿಸುವುದೇ ಕಡಿಮೆ. ಹೊಸ ಮನೆಗಳು ಬರದಿದ್ದರೆ ಬಾಡಿಗೆ ಏರುತ್ತದೆ, ಕೆಲಸದ ಸ್ಥಳಕ್ಕೆ ದೂರದಿಂದ ಬರಬೇಕಾಗುತ್ತದೆ. ಹೀಗಾಗಿ ನಿರ್ಮಾಣವನ್ನೇ ನಿಲ್ಲಿಸಿ ಎಂಬ ಬೇಡಿಕೆಗೆ ಅವರ ಬೆಂಬಲವಿಲ್ಲ. ಕೈಗೆಟುಕುವ ಮನೆ, ಬಸ್ಸು, ನಡೆಯಲು ಕಾಲುದಾರಿ ಅವರ ಅಗತ್ಯಗಳು.

ದಿನಸಿ ಅಂಗಡಿ ಬೇಕು, ಬೀದಿ ತುಂಬ ವಾಹನ ಬೇಡ

ವಾಣಿಜ್ಯ ಚಟುವಟಿಕೆಯ ಬಗೆಗೂ ಅಭಿಪ್ರಾಯ ಎರಡು ಬಗೆಯದು. ನಡೆದು ಹೋಗುವಷ್ಟು ದೂರದಲ್ಲಿ ದಿನಸಿ ಅಂಗಡಿ, ಔಷಧಿ ಅಂಗಡಿ, ದವಾಖಾನೆ ಇರಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹಿರಿಯ ನಾಗರಿಕರಿಗಂತೂ ಅದು ಅನಿವಾರ್ಯ. ಮನೆಗಳ ನಡುವೆ ಬಾರ್, ಗೋದಾಮು, ದೊಡ್ಡ ಮಳಿಗೆ ಬಂದಾಗ ವಿರೋಧ ಆರಂಭವಾಗುತ್ತದೆ. ಗ್ರಾಹಕರ ವಾಹನಗಳು ಮನೆಯ ಗೇಟಿನ ಮುಂದೆ ನಿಲ್ಲುವುದು, ರಾತ್ರಿ ವೇಳೆ ಸರಕು ಇಳಿಸುವ ಸದ್ದು, ಕಸದ ರಾಶಿ ಸಾಮಾನ್ಯ ದೂರುಗಳು.

ಎಷ್ಟು ಎತ್ತರ, ಎಷ್ಟು ವಿಸ್ತಾರ ಕಟ್ಟಬಹುದು ಎಂಬುದನ್ನು ನೆಲ ವಿಸ್ತೀರ್ಣ ಅನುಪಾತ (ಎಫ್‌ಎಆರ್) ನಿರ್ಧರಿಸುತ್ತದೆ. 1,200 ಚದರ ಅಡಿ ನಿವೇಶನಕ್ಕೆ ಅನುಪಾತ 2 ಇದ್ದರೆ ಎಲ್ಲ ಅಂತಸ್ತುಗಳೂ ಸೇರಿ 2,400 ಚದರ ಅಡಿ ಕಟ್ಟಬಹುದು. ಬೆಂಗಳೂರಿನ ವಲಯ ನಿಯಮಗಳಲ್ಲಿ ಈ ಅನುಪಾತ ನಿವೇಶನದ ಅಳತೆ ಹಾಗೂ ರಸ್ತೆಯ ಅಗಲವನ್ನು ಅವಲಂಬಿಸಿದೆ. ನಿವೇಶನದ ಮುಂದೆ ರಸ್ತೆ ಅಗಲವಾಗಿದ್ದರೂ ಮುಖ್ಯರಸ್ತೆ ಸೇರುವ ತಿರುವಿನಲ್ಲಿ ಎರಡು ಕಾರು ಎದುರಾದರೆ ದಾರಿ ಕಟ್ಟುತ್ತದೆ, ಅದನ್ನು ಯಾರು ನೋಡುತ್ತಾರೆ ಎಂಬುದು ನಿವಾಸಿಗಳ ಪ್ರಶ್ನೆ.

ಕೆರೆ, ಕಾಲುವೆಯ ಪಾಠ

2022ರ ಸೆಪ್ಟೆಂಬರ್ 4ರ ರಾತ್ರಿ ನಗರದಲ್ಲಿ 130 ಮಿ.ಮೀ.ಗೂ ಹೆಚ್ಚು ಮಳೆ ಸುರಿಯಿತು. ಮಹದೇವಪುರ ಭಾಗದ ಬಡಾವಣೆಗಳು ಜಲಾವೃತವಾದವು. ಕೋಟ್ಯಂತರ ರೂಪಾಯಿ ಬೆಲೆಯ ಮನೆಗಳ ನಿವಾಸಿಗಳು ಟ್ರ್ಯಾಕ್ಟರ್ ಏರಿ ಹೊರಬಂದ ದೃಶ್ಯ ದೇಶದ ಗಮನ ಸೆಳೆಯಿತು. ಒಂದು ಕೆರೆಯ ಹೆಚ್ಚುವರಿ ನೀರು ಮುಂದಿನ ಕೆರೆಗೆ ಹರಿಯುವಂತೆ ಹಿಂದಿನವರು ರೂಪಿಸಿದ್ದ ಸರಪಳಿ, ರಾಜಕಾಲುವೆಗಳ ಒತ್ತುವರಿಯಿಂದ ತುಂಡಾದದ್ದು ಮುಖ್ಯ ಕಾರಣಗಳಲ್ಲೊಂದು. ತಗ್ಗಿನ ಬಡಾವಣೆಯವರು ತಮ್ಮದಲ್ಲದ ತಪ್ಪಿಗೂ ಬೆಲೆ ತೆತ್ತರು.

ಕೆರೆಯಂಚಿನಲ್ಲಿ ಎಷ್ಟು ಜಾಗ ಬಿಡಬೇಕು ಎಂಬ ಕುರಿತೂ ನಿಯಮ ಸ್ಥಿರವಾಗಿ ಉಳಿಯಲಿಲ್ಲ. ಕೆರೆಗಳ ಸುತ್ತ 75 ಮೀಟರ್ ಮೀಸಲು ವಲಯ ಇರಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಆದೇಶಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದ್ದರಿಂದ ಮಹಾಯೋಜನೆಯ 30 ಮೀಟರ್ ನಿಯಮವೇ ಮರಳಿ ಬಂತು. ನಿಯಮ ಪಾಲಿಸಿ ಮನೆ ಕೊಂಡವರಿಗೂ ಯಾವ ಅಳತೆ ಶಾಶ್ವತ ಎಂಬ ಭರವಸೆ ಇಲ್ಲದಂತಾಯಿತು.

ಜನರ ಮಾತಿಗೆ ಬಾಗಿಲು ಎಲ್ಲಿದೆ?

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961 ನಿವಾಸಿಗಳಿಗೆ ಮುಖ್ಯವಾಗಿ ಎರಡು ಅವಕಾಶ ನೀಡುತ್ತದೆ. ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಮತ್ತು ಸಲಹೆ ಸಲ್ಲಿಸಬಹುದು. ನಿರ್ದಿಷ್ಟ ಜಮೀನಿನ ಭೂ ಉಪಯೋಗ ಬದಲಾವಣೆಗೆ ಅರ್ಜಿ ಬಂದು ಪತ್ರಿಕೆಗಳಲ್ಲಿ ಪ್ರಕಟಣೆ ಹೊರಟಾಗಲೂ ತಕರಾರು ಸಲ್ಲಿಸಬಹುದು. ಈ ಎರಡು ಹಂತ ದಾಟಿದ ಮೇಲೆ ನಕ್ಷೆ ಮಂಜೂರಾತಿ ಮಾಲೀಕ ಮತ್ತು ಪ್ರಾಧಿಕಾರದ ನಡುವಿನ ವ್ಯವಹಾರವಾಗುತ್ತದೆ. ನೆರೆಹೊರೆಯವರನ್ನು ಕೇಳುವ ಪದ್ಧತಿ ಇಲ್ಲ.

20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡ ಯೋಜನೆಗಳಿಗೆ 2006ರ ಅಧಿಸೂಚನೆಯಂತೆ ಪೂರ್ವ ಪರಿಸರ ಅನುಮತಿ ಕಡ್ಡಾಯ. ಆದರೆ ಗಣಿ, ಕಾರ್ಖಾನೆಗಳ ವಿಷಯದಲ್ಲಿ ನಡೆಯುವಂಥ ಸಾರ್ವಜನಿಕ ಅಹವಾಲು ಸಭೆಯಿಂದ ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳಿಗೆ ಅದೇ ಅಧಿಸೂಚನೆ ವಿನಾಯಿತಿ ನೀಡಿದೆ. ಹೀಗಾಗಿ ಬಹುತೇಕ ನಿವಾಸಿಗಳಿಗೆ ಯೋಜನೆಯ ಸುಳಿವು ಸಿಗುವುದು ತಗಡಿನ ಬೇಲಿ ಎದ್ದಾಗ, ಜೆಸಿಬಿ ಬಂದು ನಿಂತಾಗ. ಆ ವೇಳೆಗೆ ಆಕ್ಷೇಪಣೆಯ ಅವಧಿ ಮುಗಿದಿರುತ್ತದೆ. ಉಳಿಯುವುದು ನ್ಯಾಯಾಲಯದ ದಾರಿ, ಅದು ಎಲ್ಲರಿಗೂ ಎಟುಕುವಂಥದಲ್ಲ.

ಮೊದಲ ಅವಕಾಶವೂ ಅಪರೂಪಕ್ಕೆ ಬರುವಂಥದು. ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015 ಅನುಮೋದನೆ ಪಡೆದದ್ದು 2007ರಲ್ಲಿ. 2031ರ ಮಹಾಯೋಜನೆಯ ಕರಡು 2017ರ ನವೆಂಬರ್‌ನಲ್ಲಿ ಪ್ರಕಟವಾಗಿ ಸಾವಿರಾರು ಆಕ್ಷೇಪಣೆಗಳು ಬಂದರೂ ಅದು ಜಾರಿಗೆ ಬರಲಿಲ್ಲ. ಹೀಗಾಗಿ 2015ಕ್ಕೆಂದು ರೂಪಿಸಿದ ಯೋಜನೆಯೇ ಆ ವರ್ಷ ದಾಟಿದ ಮೇಲೂ ಅನುಮತಿಗಳಿಗೆ ಆಧಾರವಾಗಿ ಮುಂದುವರಿಯಿತು.

ಚುನಾಯಿತ ಪ್ರತಿನಿಧಿಯ ಮೂಲಕ ಮಾತನಾಡುವ ದಾರಿಯೂ ಮುಚ್ಚಿತ್ತು. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಬಳಿಕ ಬಿಬಿಎಂಪಿಗೆ ಮತ್ತೆ ಚುನಾವಣೆ ನಡೆಯಲೇ ಇಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಅಸ್ತಿತ್ವಕ್ಕೆ ಬಂದು, ಅದರಡಿ ಐದು ನಗರ ಪಾಲಿಕೆಗಳು ರಚನೆಯಾದವು. ಮಹದೇವಪುರ ಪೂರ್ವ ಪಾಲಿಕೆಯ ಭಾಗವಾಯಿತು.

ನಿರ್ಮಾಣದಾರರ ವಾದ

ನಿರ್ಮಾಣ ಸಂಸ್ಥೆಗಳ ವಾದದಲ್ಲೂ ತಥ್ಯವಿದೆ. ನಗರಕ್ಕೆ ಬರುವ ಜನರನ್ನು ತಡೆಯಲಾಗದು, ಇಲ್ಲಿ ಮನೆ ಕಟ್ಟದಿದ್ದರೆ ಹೊಸಕೋಟೆ, ಮಾಲೂರು, ಆನೇಕಲ್ ಕಡೆಗೆ ಹೊಲಗಳು ಇನ್ನೂ ಬೇಗ ಕರಗುತ್ತವೆ ಎನ್ನುತ್ತಾರೆ ಅವರು. 2023ರ ಮಾರ್ಚ್‌ನಲ್ಲಿ ಕೆ.ಆರ್.ಪುರದಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೊ ಸಂಚಾರ ಆರಂಭವಾಗಿ, ಅಕ್ಟೋಬರ್‌ನಲ್ಲಿ ನಗರ ಕೇಂದ್ರಕ್ಕೆ ನೇರ ಸಂಪರ್ಕ ಸಿಕ್ಕಿತು. ನಿಲ್ದಾಣಗಳ ಸಮೀಪ ಹೆಚ್ಚು ಜನರಿಗೆ ವಸತಿ ಒದಗಿಸುವುದು ಯೋಜನಾ ದೃಷ್ಟಿಯಿಂದ ಸರಿಯಾದುದೇ. ಅಭಿವೃದ್ಧಿ ಶುಲ್ಕ ಕಟ್ಟಿದ ಮೇಲೂ ರಸ್ತೆ, ಚರಂಡಿ ಬಾರದಿದ್ದರೆ ಅದು ಸರ್ಕಾರದ ವೈಫಲ್ಯ ಎಂಬುದು ಅವರ ಸಮಜಾಯಿಷಿ.

ಇತ್ತ ನಿಯಮ ಪಾಲಿಸಿದವರಲ್ಲಿ ಇನ್ನೊಂದು ಅಸಮಾಧಾನವಿದೆ. ಅನಧಿಕೃತ ನಿರ್ಮಾಣಗಳನ್ನು ದಂಡ ಪಡೆದು ಸಕ್ರಮಗೊಳಿಸುವ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು. ಆದರೂ ಇಂದಲ್ಲ ನಾಳೆ ಎಲ್ಲವೂ ಸಕ್ರಮವಾಗುತ್ತದೆ ಎಂಬ ನಂಬಿಕೆ ಉಳಿದಿರುವವರೆಗೆ ನಕ್ಷೆಯಂತೆ ಕಟ್ಟುವವನು ಪೆದ್ದನೆನಿಸಿಕೊಳ್ಳುತ್ತಾನೆ.

ಬೇಡಿಕೆಗಳು ಹೊಸವೇನಲ್ಲ

ಈ ಎಲ್ಲ ದನಿಗಳಲ್ಲೂ ಸಾಮಾನ್ಯವಾದ ಕೆಲವು ಬೇಡಿಕೆಗಳಿವೆ. ಹೊಸ ಅನುಮತಿಗೆ ಮುನ್ನ ಆ ಪ್ರದೇಶದಲ್ಲಿ ಈಗಾಗಲೇ ಕೊಟ್ಟಿರುವ ಅನುಮತಿಗಳನ್ನೂ ಕೂಡಿಸಿ ನೀರು, ಕೊಳಚೆ, ವಾಹನ ಸಂಚಾರದ ಒಟ್ಟು ಹೊರೆ ಲೆಕ್ಕ ಹಾಕಬೇಕು. ಯೋಜನೆಯ ವಿವರವನ್ನು ನಿವೇಶನದ ಮುಂದೆ ಮತ್ತು ವಾರ್ಡ್ ಕಚೇರಿಯಲ್ಲಿ ಕನ್ನಡದಲ್ಲಿ ಪ್ರಕಟಿಸಬೇಕು. ಒಳಚರಂಡಿ ಅಥವಾ ಕೆಲಸ ಮಾಡುವ ಸಂಸ್ಕರಣಾ ಘಟಕ ಸಿದ್ಧವಾದ ನಂತರವೇ ಸ್ವಾಧೀನಾನುಭವ ಪತ್ರ ನೀಡಬೇಕು. ಕೆರೆ, ರಾಜಕಾಲುವೆಗಳ ಗಡಿಗೆ ಮೊದಲು ಕಲ್ಲು ನೆಡಬೇಕು. ಸಂಗ್ರಹವಾದ ಅಭಿವೃದ್ಧಿ ಶುಲ್ಕ ಅದೇ ಪ್ರದೇಶದಲ್ಲಿ ಖರ್ಚಾಗಬೇಕು.

ಇವುಗಳಲ್ಲಿ ಯಾವುದೂ ಕಟ್ಟಡ ನಿರ್ಮಾಣವನ್ನು ನಿಷೇಧಿಸುವುದಿಲ್ಲ, ಅದರ ಸರದಿಯನ್ನಷ್ಟೇ ಬದಲಿಸುತ್ತವೆ. ವೈಟ್‌ಫೀಲ್ಡ್‌ನಲ್ಲಿ ತಪ್ಪಿದ ಸರದಿ ಈಗ ಸರ್ಜಾಪುರ, ದೇವನಹಳ್ಳಿ, ಕನಕಪುರ ರಸ್ತೆಗಳ ಉದ್ದಕ್ಕೂ, ಮೈಸೂರಿನ ಹೊರವರ್ತುಲ ರಸ್ತೆಯ ಆಚೆಗೂ ಪರೀಕ್ಷೆಗೆ ಒಳಗಾಗುತ್ತಿದೆ. ಅಲ್ಲಿ ಮೊದಲು ಬರುವುದು ಕೊಳವೆಯೋ ಕಟ್ಟಡವೋ ಎಂಬುದರ ಮೇಲೆ ಮುಂದಿನ ಬೇಸಿಗೆಗಳು, ಮುಂದಿನ ಮಳೆಗಾಲಗಳು ಹೇಗಿರುತ್ತವೆ ಎಂಬುದು ತೀರ್ಮಾನವಾಗಲಿದೆ.