ಚಿಕನ್ ತಿನ್ನಬಹುದಾ ಅಂತ ಕೇಳೋ ಮುಂಚೆ

ಹಕ್ಕಿಜ್ವರದ ಸುದ್ದಿ ಬಂದ ದಿನ ವೀಕ್ಷಕರು ಕೇಳೋದು ಒಂದೇ ಪ್ರಶ್ನೆ: 'ಸಾರ್, ಚಿಕನ್ ತಿನ್ನಬಹುದಾ?' ತಿನ್ನಬಹುದು. 70 ಡಿಗ್ರಿ ಸೆಲ್ಸಿಯಸ್ ಶಾಖ ಮಾಂಸದ ಒಳಗಿನವರೆಗೂ ತಲುಪಿದರೆ ಎಚ್5ಎನ್1 ವೈರಸ್ ಸಾಯುತ್ತೆ. ನಮ್ಮ ಕೋಳಿ ಸಾರು ಕುದಿಯೋದೇ 100ರ ಹತ್ತಿರ. ಪಾತ್ರೆಯ ವಿಚಾರ ಅಲ್ಲಿಗೆ ಮುಗೀತು. ಅಪಾಯ ಇರೋದು ಪಾತ್ರೆಗೆ ಬರೋ ಮುಂಚೆ.

2020ರ ಮಾರ್ಚ್ ನೆನಪಿಸಿಕೊಳ್ಳಿ. ಕೊರೊನಾ ಕೋಳಿಯಿಂದ ಬರುತ್ತೆ ಅನ್ನೋ ವಾಟ್ಸಾಪ್ ಸುಳ್ಳಿಗೆ ಕೋಳಿ ದರ ಆಗಲೇ ನೆಲ ಕಚ್ಚಿತ್ತು. ಅದೇ ಹೊತ್ತಿಗೆ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಇರೋದನ್ನು ಭೋಪಾಲ್‌ನ ಪ್ರಯೋಗಾಲಯ ಖಚಿತಪಡಿಸಿತು. ಸುತ್ತ ಒಂದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಕೋಳಿಗಳನ್ನು ಕೊಲ್ಲಬೇಕು ಅನ್ನೋದು ನಿಯಮ. ಆದರೆ ಭಯಕ್ಕೆ ಕಿಲೋಮೀಟರ್ ಲೆಕ್ಕ ಗೊತ್ತಿಲ್ವಲ್ಲ!

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆ ಸಾಲ ಮಾಡಿ ಶೆಡ್ ಕಟ್ಟಿದವರನ್ನು ಯೋಚಿಸಿ. ಒಪ್ಪಂದದ ಸಾಕಣೆಯಲ್ಲಿ ಮರಿ, ಮೇವು, ಔಷಧಿ ಕಂಪನಿಯದು. ಶೆಡ್ಡು, ಕರೆಂಟು, ದುಡಿಮೆ ರೈತನದು. ದರ ಬಿದ್ದಾಗ ಕಂಪನಿ ಮರಿ ಬಿಡೋದು ನಿಲ್ಲಿಸಿದರೆ ಶೆಡ್ ಖಾಲಿ, ಕಂತು ಮಾತ್ರ ಖಾಲಿ ಆಗಲ್ಲ. ಸರ್ಕಾರದ ಆದೇಶದಂತೆ ಕೊಂದ ಕೋಳಿಗೆ ಪರಿಹಾರ ಉಂಟು, ವದಂತಿ ಕೊಂದ ವ್ಯಾಪಾರಕ್ಕೆ ಇಲ್ಲ.

ಇನ್ನು ನಿಜವಾದ ಅಪಾಯಕ್ಕೆ ಬರೋಣ. ಕಾಯಿಲೆ ಬಿದ್ದ ಕೋಳಿಯ ಹಿಕ್ಕೆ, ಮೂಗಿನ ಸಿಂಬಳ, ರಕ್ತದಲ್ಲಿ ವೈರಸ್ ಇರುತ್ತೆ. ಅದು ಚಪ್ಪಲಿಗೆ, ಲಾರಿ ಚಕ್ರಕ್ಕೆ, ಕೋಳಿ ತುಂಬೋ ಕ್ರೇಟಿಗೆ ಅಂಟಿಕೊಂಡು ಊರು ದಾಟುತ್ತೆ. ಕೇರಳದಲ್ಲಿ ರೋಗ ಕಾಣಿಸಿದರೆ ಎಚ್.ಡಿ. ಕೋಟೆಯ ಬಾವಲಿ ಚೆಕ್‌ಪೋಸ್ಟ್‌ನಲ್ಲಿ ವಾಹನ ನಿಲ್ಲಿಸೋದು ಇದಕ್ಕೇ. ಹಳ್ಳಿಯಲ್ಲಿ ನಾಟಿ ಕೋಳಿ ತೂಕಡಿಸಿದ ತಕ್ಷಣ 'ಸಾಯೋ ಮುಂಚೆ ಕುಯ್ದುಬಿಡೋಣ' ಅಂತಾರೆ. ಅತ್ಯಂತ ಅಪಾಯದ ಕೆಲಸ ಅದೇ. ತಿಂದವರಿಗಿಂತ ಪುಕ್ಕ ಕಿತ್ತು, ಕರುಳು ತೆಗೆದವರಿಗೇ ಸೋಂಕು ತಗುಲೋ ಸಾಧ್ಯತೆ ಹೆಚ್ಚು. ಆ ಕೆಲಸ ಮನೆಯಲ್ಲಿ ಯಾರು ಮಾಡ್ತಾರೆ ಅಂತ ನಾನು ಹೇಳಬೇಕಾಗಿಲ್ಲ.

ಕೊಕ್ಕರೆ ರೋಗ ಬಂದರೂ ಕೋಳಿಗಳು ಹೀಗೇ ಸಾಲಾಗಿ ಸಾಯುತ್ತವೆ. ಅದಕ್ಕೆ ಲಸಿಕೆ ಇದೆ, ಅದು ಮನುಷ್ಯನ ಜೀವ ತೆಗೆಯೋ ರೋಗವೂ ಅಲ್ಲ. ಕಣ್ಣಿನಿಂದ ನೋಡಿ ಎರಡನ್ನೂ ಬೇರೆ ಮಾಡೋಕಾಗಲ್ಲ, ಪ್ರಯೋಗಾಲಯವೇ ಹೇಳಬೇಕು. ಹಾಗಾಗಿ ಪಶು ಆಸ್ಪತ್ರೆಗೆ ಫೋನ್ ಮಾಡಿ. ಹೇಳಿದರೆ ಎಲ್ಲ ಕೋಳಿ ಕೊಂದುಬಿಡ್ತಾರೆ ಅನ್ನೋ ಅಂಜಿಕೆ ಅರ್ಥ ಆಗುತ್ತೆ. ಪರಿಹಾರದ ಹಣ ಬೇಗ ಕೈಗೆ ಬಂದರೆ ಆ ಅಂಜಿಕೆ ಅರ್ಧ ಕಮ್ಮಿ ಆಗುತ್ತೆ, ಅಧಿಕಾರಿಗಳೂ ಕೇಳಿಸಿಕೊಳ್ಳಲಿ.

ಕುದಿಸಿದರೂ ಪೂರ್ತಿ ಹೋಗದ್ದು ಒಂದಿದೆ: ಆ್ಯಂಟಿಬಯಾಟಿಕ್ ಶೇಷ. ಐಸಿಯುನಲ್ಲಿ ಬೇರೆ ಔಷಧಿ ಸೋತಾಗ ವೈದ್ಯರು ಕೊನೆಗೆ ಕೈ ಹಾಕೋದು ಕೊಲಿಸ್ಟಿನ್‌ಗೆ. ಅದನ್ನೇ ಕೋಳಿ ಬೇಗ ಬೆಳೀಲಿ ಅಂತ ಮೇವಿಗೆ ಬೆರೆಸ್ತಿದ್ದರು. ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಅದರ ಬಳಕೆ ನಿಷೇಧಿಸಿತು. ಉಳಿದ ಔಷಧಿಗಳಿಗೆ, ಕೊಟ್ಟ ಮೇಲೆ ಇಷ್ಟು ದಿನ ಕೋಳಿ ಮಾರಬಾರದು ಅನ್ನೋ ಲೆಕ್ಕ ಇದೆ. ನಿಮ್ಮ ಚಿಕನ್ ಅಂಗಡಿಯವನನ್ನು ಕೇಳಿ ನೋಡಿ, ಅವನಿಗೆ ಗೊತ್ತಿರಲ್ಲ. ಔಷಧಿ ಆರಿಸೋದು ಕಂಪನಿ, ಶೆಡ್ಡಿನ ರೈತನೂ ಅಲ್ಲ. ಪ್ರಶ್ನೆ ಹೋಗಬೇಕಾದ್ದು ಆ ಬಾಗಿಲಿಗೆ.